ಹದಿನೇಳನೇ ರಿಬ್ಬು

ಧೈರ್ಯವಿಲ್ಲದವನು ಕೇಳಲೇಬಾರದು, ಕೇಳಿದ ಮೇಲೆ ಓಡಬಾರದು. ಮುತ್ತುಕುಮಾರ್ ಕೇಳಿಯೂ ಕೇಳಿದ, ಓಡಿಯೂ ಓಡಿದ.

ತಮಿಳುನಾಡಿನ ದಿಂಡಿಗಲ್ಲಿನ ಪ್ಲಾಸ್ಟಿಕ್ ಅಚ್ಚಿನ ಕಂಪನಿಯಲ್ಲಿ ಅವನೂ ಪಾಂಡೀಶ್ವರಿಯೂ ಡಿಸೈನರುಗಳು. ಕಂಪ್ಯೂಟರಿನಲ್ಲಿ ಫೈಲು ಒಂದೇ, ಬೆಳಿಗ್ಗೆ ಅವನು, ಮಧ್ಯಾಹ್ನದ ಮೇಲೆ ಅವಳು. ಬಿಡಿಸಿದ ಒಂದೊಂದು ಹೆಜ್ಜೆಯೂ ಪರದೆಯ ಎಡಕ್ಕೆ ಪಟ್ಟಿಯಾಗಿ ಉಳಿಯುತ್ತಿತ್ತು. ಆ ಹೆಜ್ಜೆಗಳಿಗೆ ಇಬ್ಬರೂ ತಮ್ಮ ಮನೆಮಾತಾದ ಕನ್ನಡದಲ್ಲಿ ಹೆಸರಿಡುತ್ತಿದ್ದರು. ಆಫೀಸಿನಲ್ಲಿ ಬೇರೆ ಯಾರಿಗೂ ಅದು ಬಾರದು. ಒಂದು ತೂತಿಗೆ ‘ಊಟ ಆಯ್ತಾ’, ಒಂದು ಮೂಲೆಗೆ ‘ನೆನ್ನೆ ಯಾಕೆ ಮೂತಿ ಊದ್ಸಿದ್ರಿ’. ಪಾಳಿ ಬದಲಾಗುವಾಗ ಬಾಗಿಲಲ್ಲಿ ಎದುರಾದರೆ ಅವಳು ಕೆಳದುಟಿ ಕಚ್ಚಿ ನಗು ತಡೆಯುವಳು. ಅಷ್ಟಕ್ಕೇ ಅವನ ದಿನ ತುಂಬುತ್ತಿತ್ತು.

ಹನುಮಂತನಪಟ್ಟಿಯವರ ದ್ರಾಕ್ಷಿ ಕ್ರೇಟಿನ ಕೆಲಸ ಬಂತು. ಗೋಡೆ ಬಾಗದಂತೆ ನಿಲ್ಲಿಸುವ ಉಬ್ಬುಗೆರೆಗಳಲ್ಲಿ ಕೊನೆಯದಾದ ಹದಿನಾರನೇ ರಿಬ್ಬಿಗೆ ಅವನು ‘ನನ್ನ ಕಟ್ಕತೀಯಾ’ ಎಂದು ಹೆಸರಿಟ್ಟು ಹೊರಟುಹೋದ.

ಮಾರನೆಯ ಬೆಳಿಗ್ಗೆ ಧೈರ್ಯವೆಲ್ಲ ಇಳಿದಿತ್ತು. ಅವಳಪ್ಪ ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಿ. ಇವನು ಬಾಡಿಗೆ ರೂಮಿನವನು. ಅದೇ ಹೊತ್ತಿಗೆ ಮ್ಯಾನೇಜರ್ ಈಶ್ವರನ್ ಗೋಡೆಯ ದಪ್ಪ ಹೆಚ್ಚಿಸಲು ಹೇಳಿದರು. ಪಟ್ಟಿಯಲ್ಲಿ ಮೇಲಿನ ಹೆಜ್ಜೆ ಮುಟ್ಟಿದರೆ ಕೆಳಗಿನವೆಲ್ಲ ಮುರಿಯುತ್ತವೆ. ಹಿಸ್ಟರಿ ಎನ್ನುವ ಆ ಪಟ್ಟಿಯನ್ನೇ ತೆಗೆದುಬಿಟ್ಟರೆ ಆ ಕಾಟವಿಲ್ಲ. ಸಾಫ್ಟ್‌ವೇರ್ ಬರೀ ಆಕಾರ ಗುರುತಿಸುತ್ತದೆ, ಯಾವ ಗೋಡೆಯನ್ನಾದರೂ ಹಿಡಿದು ಎಳೆಯಬಹುದು. ಆದರೆ ಆಕಾರ ಮಾತ್ರ ಉಳಿದು ಹೆಜ್ಜೆಗಳೂ ಹೆಸರುಗಳೂ ಹೋಗುತ್ತವೆ. ನೆಪ ಸಿಕ್ಕಿತಲ್ಲ! ಅವಳು ಬೇಡ ಎಂದು ಬರೆದಿದ್ದರೆ ಅದನ್ನು ಓದುವ ಎದೆ ಅವನಿಗಿರಲಿಲ್ಲ. ಪಟ್ಟಿಯ ಕಡೆ ನೋಡದೆಯೇ ಬಟನ್ ಒತ್ತಿದ.

ಅಂದಿನಿಂದ ಪಾಂಡೀಶ್ವರಿ ಬಾಗಿಲಲ್ಲಿ ನಗಲಿಲ್ಲ. ಅದೇ ಉತ್ತರ ಎಂದುಕೊಂಡ.

ಮೂರು ತಿಂಗಳ ಮೇಲೆ ಅವಳು ಮದುವೆ ಪತ್ರಿಕೆ ತಂದಳು. ಹುಡುಗ ಉತ್ತಮಪಾಳಯದ ಅತ್ತೆಮಗ. ಮೇಜಿನ ಮೇಲೆ ಅಚ್ಚಿನಿಂದ ಬಂದ ಮೊದಲ ಕ್ರೇಟು ಇತ್ತು.

“ಬೇಡ ಅಂತ ಬಾಯ್ಬಿಟ್ಟು ಹೇಳ್ಬೋದಿತ್ತಲ್ಲ ಪಾಂಡಿ,” ಎಂದ ಅವನು.

“ನಾನಾ ಬೇಡ ಅಂದಿದ್ದು? ನಿಮ್ ಮಾತಿಗೆ ನಾ ಬರ್ದ ಬದಿಲು ಓದ್ಬುಟ್ಟು ಅಳಿಸಿದ್ದು ಯಾರು?”

“ಸತ್ಯವಾಗ್ಲೂ ಓದ್ಲಿಲ್ಲ. ಭಯ ಆಯ್ತು.”

ಅವಳು ಅವನನ್ನೇ ನೋಡಿದಳು. ಆಮೇಲೆ ಕ್ರೇಟನ್ನು ಅವನ ಕಡೆ ತಿರುಗಿಸಿದಳು.

“ಎಣಿಸ್ರಿ. ನಮಗೆ ಹೇಳಿದ್ದು ಹದಿನಾರು ರಿಬ್ಬು. ಹದಿನೇಳ್ನೇದು ನಾ ಹಾಕಿದ್ದು. ‘ಹ್ಞೂಂ’ ಅಂತ ಹೆಸರಿಡಕ್ಕೆ ನಂಗೂ ಒಂದು ಬೇಕಿತ್ತಲ್ಲ.”

ಅವನು ಎಣಿಸಿದ. ಹದಿನೇಳಿತ್ತು.

“ಈಗ ಏನ್ ಮಾಡದು ಪಾಂಡಿ?”

“ಈಗೇನು? ಅಚ್ಚು ಸ್ಟೀಲಲ್ಲಿ ಕೊರೆದಾಯ್ತು.” ಅವಳು ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. “ಕಲ್ಯಾಣಕ್ಕೆ ಬರಬೇಡಿ. ಬಂದ್ರೆ ನಂಗೆ ತಡ್ಕಳಕ್ಕಾಗಲ್ಲ.”

ಆ ವರ್ಷ ಹನುಮಂತನಪಟ್ಟಿಯ ದ್ರಾಕ್ಷಿಯೆಲ್ಲ ಹದಿನೇಳು ರಿಬ್ಬಿನ ಕ್ರೇಟಿನಲ್ಲೇ ಮಾರ್ಕೆಟ್ಟಿಗೆ ಹೋಯಿತು.