ನಾಗಲಿಂಗಮ್ಮನಿಗೆ ಮಲ್ಲಿಗೆ ಹಾರ

"ಯಾರ್ರಿ ಇದಕ್ಕ ಹಾರ ಹಾಕಿದ್ದು? ನಮ್ಮವ್ವ ಇನ್ನೂ ಬದುಕ್ಯಾಳ!"

ಮೂರ್ತಿಗಳ ಪ್ರದರ್ಶನ ನಡೆದಿದ್ದ ಹೂವಿನಹಡಗಲಿಯ ಸಮುದಾಯ ಭವನದಲ್ಲಿ ಎಲ್ಲರೂ ಒಮ್ಮೆಲೇ ಇತ್ತ ತಿರುಗಿದರು. ಊದಿನಕಡ್ಡಿ ಹಿಡಿದ ಸಮತಾಳ ಕೈ ಅಲ್ಲೇ ನಿಂತಿತು.

ಅದೇ ದನಿ! ತಿಂಗಳುಗಟ್ಟಲೆ ಫೋನಿನಲ್ಲಿ ಕೇಳಿ ಕೇಳಿ ಅವಳು ಮನಸೋತ ದನಿ. ಕೊಟ್ಟೂರಿನ ಶಿಲ್ಪಿ ಗುರುಶಾಂತನನ್ನು ಎದುರಿಗೆ ನೋಡಿದ್ದು ಇದೇ ಮೊದಲು. ನೋಡಿದ್ದು ಹೀಗೆ...

ಅವನ ಪಕ್ಕದಲ್ಲಿ ಅವನ ತಾಯಿ ನಾಗಲಿಂಗಮ್ಮ ನಿಂತಿದ್ದಳು. ಮೇಜಿನ ಮೇಲೆ ಮಗ ಸುಟ್ಟ ಮಣ್ಣಿನಲ್ಲಿ ಮಾಡಿದ ಅವಳದೇ ಮೂರ್ತಿ, ಕೊರಳಲ್ಲಿ ಮಲ್ಲಿಗೆ ಹಾರ. ಅದನ್ನು ನೋಡಿ ಅವಳು ಮಗನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಾನು... ತೀರ್ಕಂಡಾರ ಅನ್ಕೊಂಡೆ..." ಸಮತಾಳ ಬಾಯಿಂದ ಹೊರಟದ್ದು ಇಷ್ಟೇ.

ಅವಳೊಬ್ಬಳನ್ನೇ ದೂರುವಂತಿರಲಿಲ್ಲ ಬಿಡಿ. ಈ ಸೀಮೆಯಲ್ಲಿ ಮೂರ್ತಿ ಎಂದರೆ ದೇವರದು, ಇಲ್ಲವೇ ಸತ್ತವರದು. ಆ ಅಭ್ಯಾಸ ಬಿಡಿಸಿ, ಬದುಕಿರುವವರ ಮುಖವನ್ನೂ ಜನ ನಿಂತು ನೋಡುವಂತೆ ಮಾಡಲೆಂದೇ ಐದು ತಾಲೂಕಿನ ಶಿಲ್ಪಿಗಳು 'ಮೂರ್ತಿ ಬಳಗ' ಕಟ್ಟಿಕೊಂಡಿದ್ದರು. ಸಮತಾ ಅದರ ಕಾರ್ಯದರ್ಶಿ! ಊರಿಗೆಲ್ಲ ಭಾಷಣ ಬಿಗಿದವಳೇ ಎಡವಿದಳು ನೋಡಿ.

ಹಿಂದಿನ ದಿನ ಗುರುಶಾಂತ ಟೆಂಪೋದಲ್ಲಿ ಕಳಿಸಿದ್ದ ಮೂರ್ತಿಯ ಕೆಳಗೆ 'ನಮ್ಮವ್ವ' ಎಂದಷ್ಟೇ ಬರೆದಿತ್ತು. ಫೋನಿನಲ್ಲಿ ಅವರ ಮಾತೆಲ್ಲ ಬಳಗದ ಕೆಲಸದ್ದೇ, ಮನೆಯ ಸುದ್ದಿ ಬಂದಿರಲಿಲ್ಲ. ಮನಸ್ಸಿಗೆ ಹತ್ತಿದವನ ತಾಯಿ ಎಂದು ಸಮತಾ ಸ್ವಂತ ತೋಟದ ಹೂವನ್ನು ತಾನೇ ಕಟ್ಟಿ ತಂದಿದ್ದಳು.

ಗುರುಶಾಂತ ಹಾರ ತೆಗೆದು ಪಕ್ಕಕ್ಕಿಟ್ಟ. ಮೂರ್ತಿಯನ್ನು ಟವೆಲಿನಲ್ಲಿ ಸುತ್ತಿಕೊಂಡು, ತಾಯಿಯ ಕೈಹಿಡಿದು ಹೊರಟೇಬಿಟ್ಟ.

ಆಮೇಲೆ ಫೋನೂ ಇಲ್ಲ, ಮೆಸೇಜೂ ಇಲ್ಲ. ಸಮತಾ ಮನಸ್ಸಿನಲ್ಲೇ ಅಂದುಕೊಂಡಳು: 'ನನ್ನ ಮುಖ ನೋಡಾಕೂ ಒಲ್ಲ ಆತ...' ಕಡೆಗೊಂದು ದಿನ ಧೈರ್ಯ ಮಾಡಿ ಕೊಟ್ಟೂರಿನ ಬಸ್ಸು ಹತ್ತಿದಳು.

ಗುರುಶಾಂತ ಅಂಗಳದಲ್ಲೇ ಸಿಕ್ಕ. ಅವಳನ್ನು ಕಂಡು ತಲೆ ತಗ್ಗಿಸಿದ.

"ಬೈದು ಕಳಸ್ತೀರೇನು?" ಎಂದಳು ಸಮತಾ.

"ಬೈಸ್ಕಾಬೇಕಾದಾವ ನಾನ್ರಿ ಮೇಡಂ. ನಾಕು ಮಂದಿ ಮುಂದ ನಿಮ್ಮ ಮ್ಯಾಲೆ ಹಾರ್ಯಾಡಿದೆ. ಯಾವ ಮುಖ ಇಟ್ಕಂಡು ಫೋನ್ ಮಾಡ್ಲಿ?"

ಅಯ್ಯೋ, ಇಷ್ಟೇನಾ! ಸಮತಾಗೆ ಹೋದ ಜೀವ ಬಂದಂತಾಯಿತು.

"ಆದ್ರ ಅವ್ವ ಹೆದರ್ಯಾಳ," ಅವನ ದನಿ ಕುಗ್ಗಿತು. "ಸಾವಿನ ಹಾರ ಬಿದ್ದೈತಿ, ಮೂರ್ತಿ ಒಡದುಬಿಡು ಅಂತಾಳ. ಇವತ್ತು ಒಡೀತೀನಿ ಅಂತ ಮಾತು ಕೊಟ್ಟೀನಿ. ಇನ್ಮ್ಯಾಲೆ ಮನಷ್ಯಾರ ಮುಖಾನ ಮಾಡಾಂಗಿಲ್ಲ."

ಸಮತಾ ನೇರ ಪಡಸಾಲೆಗೆ ನಡೆದಳು. ನಾಗಲಿಂಗಮ್ಮ ಮುಖ ತಿರುಗಿಸಿದಳು.

"ಅವ್ವಾರ, ತಪ್ಪು ನಂದು. ಮೂರ್ತಿದಲ್ಲ."

"ನೀ ಒಳ್ಳೇಕಿನ ಇರಬೌದವ್ವ. ಆದ್ರ ಹೊಟ್ಯಾಗ ಅಳುಕು ಹೊಕ್ಕೈತಿ. ನಾ ಹೋಗಿಬಿಟ್ರ ಇವನಿಗೆ ಯಾರದಾರ?"

ಸಮತಾ ಸರಸರನೆ ಅಂಗಳಕ್ಕೆ ಬಂದು ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ನನ್ನ ಮುಖ ಮಾಡ್ರಿ! ಮಾಡಿ ಅವ್ವಾರ ಮೂರ್ತಿ ಬಾಜೂಕ ಇಡ್ರಿ. ಏನರ ಆಗೂದಿದ್ರ ಇಬ್ರಿಗೂ ಆಗ್ಲಿ."

"ಬಿಡ್ತು ಅನ್ನವ್ವ! ಬಾಳಿ ಬದುಕೋ ಹುಡುಗಿ!" ನಾಗಲಿಂಗಮ್ಮ ಒಳಗಿಂದ ಓಡಿಬಂದಳು. ಸಮತಾಳ ಮುಖ ನೋಡಿದಳು, ಮಗನ ಮುಖ ನೋಡಿದಳು. ಆಮೇಲೆ ನಿಧಾನಕ್ಕೆ, "ಲೇ ಗುರು, ಮಣ್ಣು ಕಲಸು. ಒಡಿಯೂದು ಬ್ಯಾಡ," ಎಂದು ಚಹಾ ಇಡಲು ಹೋದಳು.

ಗುರುಶಾಂತ ಮಣ್ಣಿಗೆ ಕೈಹಚ್ಚಿದ. ಅವನು ಕಣ್ಣೆತ್ತಿ ನೋಡಿದಾಗಲೆಲ್ಲ ಸಮತಾಳ ಕಿವಿ ಬಿಸಿಯಾಗುತ್ತಿತ್ತು.

"ಎಷ್ಟು ದಿನಕ್ಕ ಮುಗೀತೈತ್ರಿ?"

"ಬ್ಯಾರೇದವರದಾದ್ರ ಒಂದು ವಾರ. ನಿಮ್ಮದು... ಮುಗಸಾಕ ಮನಸಿಲ್ರಿ."

"ಹಂಗಾರ ದಿನಾ ಹಡಗಲಿಯಿಂದ ಓಡ್ಯಾಡ್ಲೇನು?"

"ಓಡ್ಯಾಡೂದ್ಯಾಕ? ಇಲ್ಲೇ ಇದ್ಬಿಡ್ರಿ... ನನ್ನ ಜೋಡಿ."

ಸಮತಾಳ ಕಣ್ಣು ತುಂಬಿ ಬಂತು.

"ಅಳಬ್ಯಾಡ್ರಿ, ಮುಖ ಬದಲಾಗ್ತೈತಿ," ಎಂದ ಅವನು, ಗಾಬರಿಯಾಗಿ.

"ಬದಲಾಗ್ಲಿ. ಹೂಂ ಅಂದಾಕಿ ಮುಖ ಹಿಂಗ ಇರ್ತೈತಿ... ಇದನ್ನ ಮಾಡ್ರಿ."