ಎಲಚಿ ಮರದ ಗೂಡುಗಳು

ಕಣ್ಣು ತೋರಿಸಲು ಮೈಸೂರಿಗೆ ಹೋಗಿದ್ದ ಅಸದುಲ್ಲಾ ಸಾಹೇಬರು ವಾರ ಬಿಟ್ಟು ಹುಣಸೂರಿಗೆ ಮರಳಿದರು. ಬಂದವರೇ ಜಗಲಿಯ ಬುಟ್ಟಿಗೆ ಕೈ ಹಾಕಿದರು. ಬುಟ್ಟಿ ಖಾಲಿ. ಎಲಚಿ ಕೊಂಬೆಗಳಲ್ಲಿ ನೇತಾಡುತ್ತಿದ್ದ ಪತಂಗದ ಗೂಡುಗಳು ಕೊಂಬೆ ಸಮೇತ ಮಾಯವಾಗಿದ್ದವು.

ದೂರು ಕೇಳಿ ಬಂದ ದಫೇದಾರ್ ಷಣ್ಮುಖಪ್ಪ ದನದ ಕಳ್ಳರನ್ನು ಹಿಡಿದಿದ್ದ, ಗಂಧದ ಕಳ್ಳರನ್ನು ಹಿಡಿದಿದ್ದ. ಹುಳುವಿನ ಕಳವು ಇದೇ ಮೊದಲು. ನಗು ಬಂತು. ಮುದುಕರ ಮುಖ ನೋಡಿ ನುಂಗಿಕೊಂಡ.

“ಈ ಬೇಸಿಗೆ ತೋಟಕ್ಕೆ ಬಂದ ಚಿಟ್ಟೆ, ಪತಂಗ ಎಲ್ಲದರ ಚಿತ್ರ ಬರೆದಿದೀನಿ, ದಫೇದಾರ್ರೇ. ಈ ಗೂಡಿನ ದೊಡ್ಡ ಪತಂಗ ಒಂದೇ ಬಾಕಿ. ಮುಂದಿನ ಬೇಸಿಗೆಗೆ ಕಣ್ಣು ಕಾಣೋಲ್ಲ ಅಂದ್ರು ಡಾಕ್ಟರು.”

ಸಾಹೇಬರು ಡ್ರಾಯಿಂಗ್ ಮೇಷ್ಟ್ರಾಗಿದ್ದವರು.

ಮನೆಗೆಲಸದ ಮಾಯಮ್ಮ ಕಂಬದ ಮರೆಯಲ್ಲಿ ನಿಂತಿದ್ದಳು.

“ಯಾರಾದ್ರೂ ಬಂದಿದ್ರೇನಮ್ಮ?”

“ಯಾರೂ ಬಂದಿಲ್ಲ ಕಣ್ರಯ್ಯ.”

* * *

ಪಕ್ಕದ ಮನೆಯ ದೇವರಾಜು ಮೊದಲೇ ಸಿಡುಕ.

“ಹುಳ ನನ್ನ ಎಲಚಿ ಮರಾನ ಬೋಳಿಸ್ತು. ಸುಟ್ಟಾಕ್ತೀನಿ ಅಂದಿದ್ದು ನಿಜ. ಆಮ್ಯಾಕೆ ಆ ಕೊಂಬೆ ಕುಯ್ದು ಸಾಹೇಬ್ರಿಗೆ ಕೊಟ್ಟೋನೂ ನಾನೇ ಕಣ್ರೀ. ಕೊಟ್ಟಿದ್ನ ಕದೀತೀನಾ?”

ಷಣ್ಮುಖಪ್ಪ ಅವನ ಹಿತ್ತಲಿನ ಬೂದಿ ಕೆದಕಿದ. ಮೀಸೆಗೂ ಬೂದಿ ಹತ್ತಿತು, ಬೇರೇನೂ ಸಿಗಲಿಲ್ಲ.

ವಾಪಸು ಬಂದು ಜಗಲಿಯ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದ. ಅಲ್ಲಿ ನೆರಳಲ್ಲಿ ಬರಿಯ ಕೊಂಬೆಗಳ ಕಟ್ಟು. ಪಕ್ಕದಲ್ಲಿ ಕಲೆ ಹತ್ತಿದ ಒಂದೇ ಒಂದು ಗೂಡು.

“ಸಾಹೇಬ್ರೇ, ಮಾಯಮ್ಮನ ತವರು ಎಲ್ಲಿ?”

“ಕೊಳ್ಳೇಗಾಲದ ಕಡೆ. ಯಾಕೆ?”

“ಮಾಳಿಗೆ ಹತ್ತೋಣ ಬನ್ನಿ.”

* * *

ಮಾಳಿಗೆಯ ಉರಿಬಿಸಿಲಲ್ಲಿ ಒಗೆದ ಪಂಚೆ ಹಾಸಿತ್ತು. ಅದರ ಮೇಲೆ ಗೂಡುಗಳನ್ನು ಒಂದಕ್ಕೊಂದು ತಾಗದಂತೆ ಹರವಿದ್ದರು. ಸಾಹೇಬರು ಒಂದನ್ನು ಅಲ್ಲಾಡಿಸಿದರು. ಒಳಗೆ ಹುಳು ಒಣಗಿ ಗಿಲಗಿಲ ಎಂದಿತು.

“ಹೊಟ್ಟೆಕಿಚ್ಚಿನವನಾದರೆ ಎಲ್ಲಾ ಸುಡ್ತಿದ್ದ, ಕಳ್ಳನಾದರೆ ಬುಟ್ಟಿ ಸಮೇತ ಎತ್ತುತ್ತಿದ್ದ,” ಎಂದ ಷಣ್ಮುಖಪ್ಪ. “ಮೆಟ್ಟಿಲ ಕೆಳಗೆ ಕಲೆ ಇದ್ದದ್ದನ್ನು ಆರಿಸಿ ಬೇರೆ ಇಟ್ಟಿದಾರೆ. ಹಾಗೆ ಆರಿಸೋರು ನೂಲಿನ ಬೆಲೆ ಗೊತ್ತಿರೋರು. ರೇಷ್ಮೆ ಸೀಮೆಯ ಕೈ ಇದು, ಗೂಡನ್ನ ಬಿಸಿಲಿಗೆ ಹಾಕೋ ಕೈ.”

ಹಿಂದೆಯೇ ಮಾಳಿಗೆ ಹತ್ತಿ ಬಂದ ಮಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಚಿಟ್ಟೆ ಕೊರ್ದು ಈಚೆಗೆ ಬಂದ್ರೆ ನೂಲು ಕೆಡ್ತದೆ ಅಲ್ವರಾ? ಕಣ್ಣಿನ ಚಿಂತೇಲಿ ಅಯ್ಯಾವ್ರು ಮರ್ತವ್ರೆ ಅಂತ ಬಿಸ್ಲಿಗೆ ಆಕ್ದೆ. ಪೋಲೀಸ್ನೋರ ಪೇಟ ನೋಡಿ ಅದ್ನ ಏಳಾಕೆ ಬಾಯೇ ಬರ್ಲಿಲ್ಲ.”

ಪಾಪ, ಅವಳು ನೂಲು ಉಳಿಸಲು ಹೋಗಿದ್ದಳು. ಸಾಹೇಬರು ಕೈಯಲ್ಲಿದ್ದ ಗೂಡನ್ನು ಮೆಲ್ಲಗೆ ಪಂಚೆಯ ಮೇಲಿಟ್ಟರು.

ಷಣ್ಮುಖಪ್ಪ ಜೇಬಿನಿಂದ ಕಲೆಯ ಗೂಡು ತೆಗೆದು ಅವಳ ಅಂಗೈಗಿಟ್ಟ. ಅವಳು ತೂಗಿ ನೋಡಿದಳು.

“ಭಾರ ಅದೆ. ಜೀವ ಅದೆ ಕಣ್ರಯ್ಯ.”

* * *

ಕೆಲವು ದಿನಗಳ ನಂತರ ಒಂದು ಸಂಜೆ ಅದೇ ಗೂಡು ಒದ್ದೆಯಾಯಿತು. ಪತಂಗ ಹೊರಬಂದು ರೆಕ್ಕೆ ಹರಡಿತು. ಸಾಹೇಬರು ಎಷ್ಟು ಬಗ್ಗಿದರೂ ಗೆರೆ ಕಂಡಿತು, ಬಣ್ಣ ಕಾಣಲಿಲ್ಲ.

“ನಮ್ಮೂರ ರೇಷ್ಮೆ ಚಿಟ್ಟೆಗೆ ಆರಕ್ಕೆ ಬರಾಕಿಲ್ಲ. ಇದು ಆರ್ತದಾ ಅಯ್ಯಾವ್ರೇ?” ಮಾಯಮ್ಮ ಪಿಸುಗುಟ್ಟಿದಳು.

“ಹಾರುತ್ತೆ. ಅಷ್ಟರಲ್ಲಿ ಬರೀಬೇಕು. ಹತ್ತಿರ ಬಾ. ಬಣ್ಣ ಯಾವ್ದು ಹೇಳು.”

ಅವಳು ಕುಕ್ಕರುಗಾಲಲ್ಲಿ ಕೂತಳು.

“ಒಣಗಿದ ಅರಿಶಿಣದ ಕೊಂಬು. ಅಂಚಿಗೆ ಬೂದಿ. ರೆಕ್ಕೆ ನಡುವೆ ಕಣ್ಣಿನಂಗೆ ಒಂದು ಬೊಟ್ಟು.”

ಸಾಹೇಬರು ಕುಂಚ ಅದ್ದಿದರು.