ಬಾಣಂತಿ ಮನೆಯ ಬಾಯ್ಲರ್

ಮಗುವಿನ ಪಾದ ಮುಟ್ಟಿದ ಡಾಕ್ಟರ್ ಅಹಲ್ಯಾ ಬೆಚ್ಚಿಬಿದ್ದಳು. ಪಾದ ತಣ್ಣಗೆ ಕೊರೆಯುತ್ತಿತ್ತು.

"ಏನೇ ಗೀತಾ ಇದು? ಹೀಟಿಂಗ್ ಹಾಕಿಲ್ವಾ?"

"ಹಾಕಿದೆ ಕಣೆ. ಮತ್ತೆ ನಿಂತೋಗಿದೆ." ಅವಳ ಗೆಳತಿ, ಬಾಣಂತಿ ಗೀತಾ ಕಂಬಳಿಯೊಳಗಿಂದಲೇ ಅಂದಳು.

೧೯೭೪ರ ಜನವರಿ. ಡಲ್ಲಾಸಿನ ರಸ್ತೆಗಳ ಮೇಲೆಲ್ಲ ಮಂಜುಗಡ್ಡೆ ಕಟ್ಟಿತ್ತು. ಅಹಲ್ಯಾ ಕೋಟು ಬಿಚ್ಚದೆಯೇ ಹಾಲಿಗೆ ಬಂದಳು. ಬಾಗಿಲ ಬಳಿ ಒಂದು ಟ್ರಂಕು. ಅದರ ಪಕ್ಕದಲ್ಲಿ ಲಿಂಗರಾಜು. ಗದಗಿನ ಹುಡುಗ, ಎಂ.ಎಸ್. ಓದುತ್ತ ಗೀತಾಳ ಮನೆಯ ಹಿಂದಿನ ರೂಮಿನಲ್ಲಿದ್ದ. ಎದುರಿಗೆ ಗೀತಾಳ ಗಂಡ ಸೂರ್ಯನಾರಾಯಣ ಕೆಂಡವಾಗಿದ್ದ.

"ಬಾಯ್ಲರ್ ಕೆಟ್ಟಿಲ್ಲ ಅಹಲ್ಯಾ. ರಿಪೇರಿಯವನು ಬಂದಾಗೆಲ್ಲ ಸರಿಯಾಗೇ ಉರಿಯತ್ತೆ. ಅಂದ್ಮೇಲೆ ಯಾರೋ ಆಫ್ ಮಾಡ್ತಿದಾರೆ. ನಿನ್ನೆ ಇವನು ಥರ್ಮೋಸ್ಟಾಟ್ ಮುಂದೆ ನಿಂತಿದ್ದನ್ನ ನಾನೇ ಕಣ್ಣಾರೆ ಕಂಡೆ!"

"ನಾ ಮುಟ್ಟಿಲ್ರಿ," ಅಂದ ಲಿಂಗರಾಜು. "ಆದ್ರ ನಂಬಿಕಿ ಇಲ್ಲದ ಮನ್ಯಾಗ ನಾ ಇರೂದಿಲ್ರಿ."

"ಈ ಚಳೀಲಿ ಎಲ್ಲಿಗೆ ಹೋಗ್ತೀಯೋ?" ಅಹಲ್ಯಾ ಕೇಳಿದಳು.

"ಗೊತ್ತಿಲ್ರಿ."

ಬಡವನ ಕೋಪ ದವಡೆಗೆ ಮೂಲ. ಈ ಊರಲ್ಲಿ ಅವನಿಗೆ ಬೇರೆ ನೆಲೆ ಇರಲಿಲ್ಲ. ಅಹಲ್ಯಾಗೆ ಅಯ್ಯೋ ಅನ್ನಿಸಿತು. ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದಡಿ ನೋಡಿ ರೋಗ ಇಂಥದೇ ಎಂದು ಹೇಳುವುದು ಅವಳ ಕೆಲಸ. ನೋಡದೆ ಯಾರ ತಲೆಯ ಮೇಲೂ ಗೂಬೆ ಕೂರಿಸುವವಳಲ್ಲ.

"ಸ್ವಲ್ಪ ಹೊತ್ತು ಕೂತಿರು. ಆಮೇಲೂ ಹೋಗೋದೇ ಆದ್ರೆ ನಾನೇ ಡ್ರಾಪ್ ಮಾಡ್ತೀನಿ."

* * *

ಅಡುಗೆಮನೆ ಪಕ್ಕದ ಗೂಡಿನಲ್ಲಿ ಇಡೀ ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್. ಅಹಲ್ಯಾ ಬಗ್ಗಿ ನೋಡಿದಳು. ಬರ್ನರ್ ಹೊತ್ತಿಸುವ ಪುಟ್ಟ ನೀಲಿ ಜ್ವಾಲೆ ಉರಿಯುತ್ತಲೇ ಇತ್ತು. ಗ್ಯಾಸಿಗೇನೂ ಕೊರತೆಯಿಲ್ಲ.

"ಯಾವಾಗ ಯಾವಾಗ ನಿಲ್ಲತ್ತೆ?"

"ಶುಕ್ರವಾರ ಅಂತೂ ನಿಂತೇ ನಿಲ್ಲತ್ತೆ ಕಣಮ್ಮ," ಅಂದರು ತುಳಸಮ್ಮ. ಗೀತಾಳ ತಾಯಿ, ಬಾಣಂತನಕ್ಕೆಂದು ಮೈಸೂರಿನಿಂದ ಬಂದವರು. "ನಿನ್ನೆಯಿಂದ ಹೊತ್ತಿಕೊಂಡೇ ಇಲ್ಲ."

"ಶುಕ್ರವಾರ ಇವನಿಗೆ ಕ್ಲಾಸಿಲ್ಲ. ಮನೇಲೇ ಇರ್ತಾನೆ!" ಸೂರ್ಯನಾರಾಯಣ ಗುಡುಗಿದ.

ಲಿಂಗರಾಜುವಿನ ಮುಖ ಬಿಳಿಚಿಕೊಂಡಿತು. ಅಹಲ್ಯಾ ಅವನ ಕಡೆ ತಿರುಗಿದಳು.

"ನಿನ್ನೆ ಅಲ್ಲಿ ಯಾಕೆ ನಿಂತಿದ್ದೆ?"

"ಮನಿ ತಣ್ಣಗೈತಿ, ಮುಳ್ಳು ನೋಡಿದ್ರ ಬೆಚ್ಚಗೈತಿ ಅಂತೈತ್ರಿ. ಇದೇನಪಾ ಅಂತ ನೋಡ್ಕೋತ ನಿಂತಿದ್ದೆ."

ಅಹಲ್ಯಾ ಹಾಲಿಗೆ ನಡೆದಳು.

ಮನೆ ಎಷ್ಟು ಬೆಚ್ಚಗಿದೆಯೆಂದು ಅಳೆದು ಬಾಯ್ಲರಿಗೆ ಅಪ್ಪಣೆ ಕೊಡುವ ಥರ್ಮೋಸ್ಟಾಟ್ ಪೆಟ್ಟಿಗೆ ಗೋಡೆಯ ಮೇಲಿತ್ತು. ಅಪ್ಪಣೆಯ ಮುಳ್ಳು ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್‌ನಲ್ಲೇ ಇತ್ತು. ಅಳತೆಯ ಮುಳ್ಳು ಎಂಬತ್ತು ದಾಟಿತ್ತು! ಪೆಟ್ಟಿಗೆಯ ಕೆಳಅಂಚಿಗೆ ಬೆರಳಾಡಿಸಿದಳು. ಬೆರಳಿಗೆ ಕಪ್ಪು ಮಸಿ. ಮೂಸಿದಳು. ಎಳ್ಳೆಣ್ಣೆ.

ಕೆಳಗೆ ಪುಟ್ಟ ದೇವರ ಮಂಟಪ. ಅದರ ಮುಂದೆ ದೊಡ್ಡ ದೀಪ ನಿಶ್ಚಿಂತೆಯಿಂದ ಉರಿಯುತ್ತಿತ್ತು.

"ತುಳಸಮ್ಮ, ದೇವರು ಮೊದಲಿಂದ ಇಲ್ಲೇ ಇದ್ರಾ?"

"ಇಲ್ಲಮ್ಮ, ಒಳಗಿನ ರೂಮಲ್ಲಿದ್ರು. ಅದೀಗ ಬಾಣಂತಿ ಕೋಣೆ ಆಯ್ತಲ್ಲ. ಮೈಲಿಗೆ ಆಗಬಾರ್ದು ಅಂತ ಇಲ್ಲಿಗೆ ತಂದ್ವಿ."

"ಈ ದೀಪ ದಿನಾ ಹಚ್ತೀರಾ?"

"ದಿನಾ ಪುಟ್ಟದು. ಶುಕ್ರವಾರ ಇದು, ದಿನವಿಡೀ."

"ರಿಪೇರಿಯವನು ಬಂದಾಗ?"

"ಬೂಟು ಹಾಕ್ಕೊಂಡೇ ನುಗ್ತಾನಲ್ಲ ಪುಣ್ಯಾತ್ಮ! ದೀಪ ಶಾಂತ ಮಾಡಿ ಪರದೆ ಎಳೆದುಬಿಡ್ತೀನಿ."

ಅಹಲ್ಯಾ ನಕ್ಕಳು. "ಕಳ್ಳ ಸಿಕ್ಕ."

* * *

ಗಂಡಸರಿಬ್ಬರೂ ಸೇರಿ ಮಂಟಪವನ್ನು ಎದುರುಗೋಡೆಗೆ ಸರಿಸಿದರು. ಎಲ್ಲರೂ ಪೆಟ್ಟಿಗೆಯನ್ನೇ ನೋಡುತ್ತ ನಿಂತರು.

"ದೀಪದ ಬಿಸಿ ನೇರ ಪೆಟ್ಟಿಗೆಗೆ ತಾಗ್ತಿತ್ತು," ಅಂದಳು ಅಹಲ್ಯಾ. "ಇಡೀ ಮನೇನೇ ಬೆಚ್ಚಗಿದೆ ಅಂದ್ಕೊಂಡು ಅದು ಬಾಯ್ಲರ್ ನಿಲ್ಲಿಸ್ತಿತ್ತು. ರಿಪೇರಿಯವನು ಬಂದಾಗ ದೀಪಾನೇ ಇಲ್ಲ, ಅವನಿಗೆ ಹೇಗೆ ಗೊತ್ತಾಗ್ಬೇಕು? ಲಿಂಗರಾಜು ಮುಳ್ಳು ತಿರುಗಿಸಿದ್ರೆ ಅದು ಎಪ್ಪತ್ತರಲ್ಲಿ ಇರ್ತಿರ್ಲಿಲ್ಲ, ಸೂರ್ಯನಾರಾಯಣ್."

"ಆದ್ರೆ ಇವತ್ತು ಶನಿವಾರ. ದೊಡ್ಡ ದೀಪ ಶುಕ್ರವಾರ ಮಾತ್ರ ಅಲ್ವಾ?" ಸೂರ್ಯನಾರಾಯಣ ಸೋಲೊಪ್ಪಲು ಸಿದ್ಧನಿರಲಿಲ್ಲ.

ತುಳಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನಿನ್ನೆ ಕೂಸು ತಣ್ಣಗಾಗಿದ್ದು ನೋಡಿ ಹರಕೆ ಹೊತ್ತೆ. ಬೆಚ್ಚಗಾಗೋವರೆಗೂ ದೀಪ ಆರಗೊಡಲ್ಲ ಅಂತ. ಎಣ್ಣೆ ಹಾಕ್ತಾನೇ ಇದೀನಿ. ಅಯ್ಯೋ, ನನ್ನ ಕೈಯಾರೆ ಕೂಸನ್ನ ನಡುಗಿಸಿದ್ನಲ್ಲಮ್ಮ!"

ಅಷ್ಟರಲ್ಲಿ ಪೆಟ್ಟಿಗೆ ಟಕ್ಕೆಂದಿತು. ಗೂಡಿನಲ್ಲಿ ಬಾಯ್ಲರ್ ಗುರ್ರೆಂದು ಹೊತ್ತಿಕೊಂಡಿತು.

"ಅಳೋದ್ಯಾಕೆ? ಹರಕೆ ತೀರ್ತಲ್ಲ," ಅಂದಳು ಅಹಲ್ಯಾ, ಅವರ ಭುಜ ಹಿಡಿದು.

ಸೂರ್ಯನಾರಾಯಣ ಕೆಮ್ಮಿದ. "ತಪ್ಪಾಯ್ತು ಲಿಂಗರಾಜು. ದುಡುಕಿಬಿಟ್ಟೆ."

ಲಿಂಗರಾಜು ನೆಲ ನೋಡಿದ. ಕೈ ಮಾತ್ರ ಟ್ರಂಕಿನ ಹಿಡಿಯ ಮೇಲೇ ಇತ್ತು.

ತುಳಸಮ್ಮ ಒಳಗೆ ಹೋದರು. ಮಗುವನ್ನು ತಂದು ಸೀದಾ ಅವನ ತೋಳಿಗೆ ಹಾಕಿದರು. ಹಿಡಿಯದೆ ವಿಧಿಯಿರಲಿಲ್ಲ, ಟ್ರಂಕು ಬಿಟ್ಟ.

"ಮುಂದಿನ ವಾರ ತೊಟ್ಟಿಲು ಶಾಸ್ತ್ರ. ಗೀತಾಳ ಅಣ್ಣ ಮೈಸೂರಲ್ಲಿದಾನೆ, ಬರೋಕಾಗಲ್ಲ. ಕೂಸನ್ನ ತೊಟ್ಟಿಲಿಗೆ ಹಾಕೋಕೆ ಸೋದರಮಾವ ಬೇಡ್ವೇನಪ್ಪ? ನೀನು ಹೊರಟ್ರೆ ಯಾರನ್ನ ಹುಡುಕ್ಲಿ?"

ಲಿಂಗರಾಜು ಮಗುವಿನ ಪಾದವನ್ನು ಅಂಗೈಯಲ್ಲಿ ಮುಚ್ಚಿದ.

"ಕಾಲು ಬೆಚ್ಚಗಾಗಾಕ ಹತ್ಯಾವ್ರಿ," ಅಂದ.

ಸೂರ್ಯನಾರಾಯಣ ಟ್ರಂಕನ್ನೆತ್ತಿಕೊಂಡು ಹಿಂದಿನ ರೂಮಿಗೆ ನಡೆದ. ಅಹಲ್ಯಾ ಆಗ ಕೋಟು ಬಿಚ್ಚಿದಳು.